ಮಾವನ ಶೆಡ್ಡಿನ ತಿಳಿನೀರು

ಚೆನ್ನೈ ಪೂರ್ತಿ ಲಾರಿ ನೀರಿಗೆ ಕಾಯುತ್ತಿದ್ದ ಬೇಸಿಗೆ ಅದು. ರಾಯಪುರಂನಲ್ಲಿ ನನ್ನ ಮಾವ ನೂಲಿಗೆ ಬಣ್ಣ ಹಾಕುತ್ತಿದ್ದರು. ಕೆಂಪು ನೀರು ಇನ್ನೊಮ್ಮೆ ಚರಂಡಿಗೆ ಬಂದರೆ ಶೆಡ್ಡಿಗೆ ಬೀಗ ಎಂದು ಅಧಿಕಾರಿ ಹೇಳಿಹೋಗಿದ್ದರು. ರಸಾಯನಶಾಸ್ತ್ರ ಓದುತ್ತಿದ್ದ ನಾನು ಒಂದು ಡ್ರಮ್ಮಿಗೆ ಸುಟ್ಟ ಭತ್ತದ ಹೊಟ್ಟು ತುಂಬಿಟ್ಟೆ. ಸುಟ್ಟದ್ದು ಎಂದರೆ ಬೂದಿಯಲ್ಲ, ಇದ್ದಿಲಿನಂಥದ್ದು. ಮೇಲಿನಿಂದ ಕೆಂಪು ನೀರು ಸುರಿದರೆ ಅದು ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅಧಿಕಾರಿ ಬಂದಾಗ ಡ್ರಮ್ಮಿನ ನಲ್ಲಿಯಿಂದ ತಿಳಿನೀರು ಬರುತ್ತಿತ್ತು. ಅವರ ಮುಖ ಗಂಟಾಯಿತು.

"ಲಾರಿ ನೀರು ಬೆರೆಸಿ ನನ್ನನ್ನೇ ಏಮಾರಿಸ್ತೀರಾ?" (ಮಾತೆಲ್ಲ ತಮಿಳಿನಲ್ಲೇ.)

ಮಾವ ಮೂಲೆಯ ಖಾಲಿ ಕೊಡ ತೋರಿಸಿದರು. "ಕುಡಿಯೋಕೇ ಒಂದು ಕೊಡ ಸಿಗಲ್ಲ ಸಾರ್. ಚರಂಡಿಗೆ ಸುರಿಯೋಕೆ ನನಗೇನು ಪೈತ್ಯವಾ, ಹುಚ್ಚಾ?"

ಅಧಿಕಾರಿ ಡ್ರಮ್ಮಿನ ನೀರನ್ನೆಲ್ಲ ಬಸಿಸಿ, ತಾವೇ ಒಂದು ಬಕೆಟ್ ಕೆಂಪು ನೀರು ಸುರಿದರು. ಮೂವರೂ ನಲ್ಲಿಯನ್ನೇ ನೋಡುತ್ತ ನಿಂತೆವು. ಕೊನೆಗೂ ನೀರು ತೊಟ್ಟಿಕ್ಕಿತು, ತಿಳಿಯಾಗಿಯೇ.

"ಸರಿ, ನಡೆಸಿ" ಎಂದರು ಅಧಿಕಾರಿ.

ಅಷ್ಟರಲ್ಲಿ ಬೀದಿಯ ಹೆಂಗಸರು ಚರಂಡಿಯ ಪಕ್ಕ ಕೊಡಗಳನ್ನು ಸಾಲಾಗಿ ಇಟ್ಟಿದ್ದರು. ಬಣ್ಣ ಹೋದರೂ ಅದರ ಜೊತೆ ಹಾಕಿದ ಉಪ್ಪು ಉಳಿದಿರುತ್ತದೆ, ಕುಡಿಯಬಾರದು ಎಂದು ನಾನು ವಿವರಿಸತೊಡಗಿದೆ.

"ಕುಡಿಯೋಕಲ್ಲಮ್ಮಾ, ಬಚ್ಚಲು ತೊಳೆಯೋಕೆ" ಎಂದಳು ಮುಂದಿದ್ದ ಅಜ್ಜಿ. "ಮಾತು ಸಾಕು, ಇನ್ನೊಂದು ಬಕೆಟ್ ಸುರಿ."

ನನ್ನ ಪ್ರಯೋಗವನ್ನು ಪರೀಕ್ಷಿಸದೆ ಒಪ್ಪಿದವಳು ಆ ಅಜ್ಜಿಯೊಬ್ಬಳೇ.