ಬ್ರಾಕೆಟ್ಟಪ್ಪನವರು ಅಧಿಕಾರ ಬಿಟ್ಟುಕೊಟ್ಟದ್ದು

ಬ್ರಾಕೆಟ್ಟಪ್ಪ ಅಂತ ಹೆಸರಿಟ್ಟವರು ಆಫೀಸಿನ ಹುಡುಗರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಇವರೂ ಬೇಜಾರು ಮಾಡಿಕೊಳ್ಳಲಿಲ್ಲ. ಅರ್ಧ ಆಯುಸ್ಸನ್ನು ಬ್ರಾಕೆಟ್ ಹೊಂದಿಸುವುದರಲ್ಲೇ ಕಳೆದವರಿಗೆ ಇನ್ನೇನು ಹೆಸರಿಡಬೇಕಿತ್ತು ಹೇಳಿ!

ಅವರ ಕೆಲಸ ಇಷ್ಟೇ. ನಾವು ಅಡುಗೆಮನೆಯ ಡಬ್ಬಿಗೆ ಚೀಟಿ ಅಂಟಿಸುತ್ತೇವಲ್ಲ, ಹಾಗೆ ಪ್ರೋಗ್ರಾಮ್ ಬರೆಯುವವರೂ ಯಾವುದರೊಳಗೆ ಏನಿರಬೇಕು ಅಂತ ಕೋಡಿನಲ್ಲೇ ಬರೆದಿಡುತ್ತಾರೆ. ಇದರಲ್ಲಿ ಸಂಖ್ಯೆ. ಇದರಲ್ಲಿ ಸಂಖ್ಯೆ ಇಲ್ಲವೇ ಖಾಲಿ. ಇದರಲ್ಲಿ ಪದಗಳ ಪಟ್ಟಿಗಳ ಪಟ್ಟಿ. ಅದಕ್ಕೆ ಟೈಪ್ ಅಂತಾರೆ. ಬ್ರಾಕೆಟ್ಟಿನೊಳಗೆ ಬ್ರಾಕೆಟ್ ತೂರಿಕೊಂಡ ಆ ಬರಹವನ್ನು ಓದಿ, ಬಿಡಿಸಿ, ಬೇರೆ ಪ್ರೋಗ್ರಾಮುಗಳಿಗೆ ಒಪ್ಪಿಸುವ ಸಣ್ಣದೊಂದು ಲೈಬ್ರರಿ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದರು. ಪುಸ್ತಕದ್ದಲ್ಲ ಮತ್ತೆ, ಕೋಡಿನ ಲೈಬ್ರರಿ. ಎಲ್ಲೆಲ್ಲಿಯ ಜನವೋ ಬಳಸುತ್ತಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಲೇ ಕೇಳುವರು: "ನನ್ನ ಸವತಿ ಹೇಗಿದ್ದಾಳ್ರೀ ಇವತ್ತು?"

ಟೈಪಿಸಿ ಟೈಪಿಸಿ ಮಣಿಕಟ್ಟಿನ ನರ ಕೈಕೊಟ್ಟಿತು. ಬೆರಳು ಜೋಮು ಹಿಡಿದು ಲೋಟ ಜಾರುವಷ್ಟಾಯಿತು. ಆಪರೇಷನ್ ಆಯಿತು. ಡಾಕ್ಟರು ಗದರಿದರು, ಹೆಂಡತಿ ಅದಕ್ಕಿಂತ ಜೋರಾಗಿ ಗದರಿದರು. ಆಗ ಬೇರೆ ದಾರಿಯಿಲ್ಲದೆ, ಆಗಾಗ ಒಳ್ಳೊಳ್ಳೆ ತಿದ್ದುಪಡಿ ಕಳಿಸುತ್ತಿದ್ದ ಒಬ್ಬ ಹುಡುಗಿಗೆ ಲೈಬ್ರರಿ ವಹಿಸಿದರು. ಬೇರೆ ಊರಿನವಳು, ಬಸ್ ಟಿಕೆಟಿನ ಕಂಪನಿಯಲ್ಲಿ ಕೆಲಸ. ಬೇರೆ ಯಾರನ್ನು ಕೇಳಿದರೂ ಪುರುಸೊತ್ತಿಲ್ಲ ಅಂದಿದ್ದರು. ಅವಳು ಬಿಟ್ಟರೆ ಲೈಬ್ರರಿ ಅನಾಥ.

ವಹಿಸಿದರು ಅಂತ ಹೆಸರಿಗೆ ಹೇಳಬೇಕು. ತಿದ್ದುವ ಅಧಿಕಾರ ಇವರ ಹತ್ತಿರವೂ ಉಳಿದಿತ್ತಲ್ಲ, ಇವರು ಸುಮ್ಮನಿದ್ದಾರೆಯೇ! ಅವಳು ಒಂದು ಸಾಲು ಮುಟ್ಟಿದರೆ ಇವರ ಫೋನು ಕುಯ್ಯಂತಿತ್ತು. ಹಲ್ಲುಜ್ಜುವಾಗ ನೋಡುವರು, ಊಟದ ಮಧ್ಯೆ ನೋಡುವರು. ಮಹಡಿಗೆ ಹೋಗಿ ಬಟ್ಟೆ ತರುತ್ತೇನೆಂದವರು ಖಾಲಿ ಕೈಯಲ್ಲಿ ಇಳಿಯುವರು. "ಇಲ್ಲಿ ಈ ಹೆಸರು ಬೇಡ ಕಣಮ್ಮ." "ಇದನ್ನ ಯಾಕೆ ಹೀಗೆ ಮಾಡಿದೆ?" ಅವಳು ಪಾಪ, ಎಲ್ಲಕ್ಕೂ "ಸರಿ ಸರ್" ಅನ್ನುತ್ತಿದ್ದಳು.

ಹೀಗಿರುವಾಗ ಅವಳೊಂದು ಬದಲಾವಣೆ ಮಾಡಿದಳು. ಯಾರಾದರೂ ಬ್ರಾಕೆಟ್ ತೆರೆದು ಮುಚ್ಚುವುದನ್ನು ಮರೆತರೆ ಇವರ ಲೈಬ್ರರಿ ಹೋಗಲಿ ಪಾಪ ಅಂತ ತಾನೇ ಮುಚ್ಚಿಕೊಂಡು ಓದುತ್ತಿತ್ತು. ಇನ್ನು ಹಾಗಿಲ್ಲ, ತಪ್ಪನ್ನು ತಪ್ಪು ಅಂತಲೇ ಹೇಳುತ್ತದೆ ಎಂದು ಅವಳು ಎಲ್ಲರಿಗೂ ತಿಳಿಸಿ ಹೊಸ ಆವೃತ್ತಿ ಬಿಟ್ಟಳು. ಬ್ರಾಕೆಟ್ಟಪ್ಪನವರಿಗೆ ಮೈಯೆಲ್ಲ ಉರಿಯಿತು. ಇದೇನು, ಬಂದವರ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ! ಅವಳು ತಂಗಿಯ ಮದುವೆಯ ಓಡಾಟದಲ್ಲಿದ್ದಾಗ, ಒಂದು ಮಾತೂ ಹೇಳದೆ, ಆ ಫೈಲನ್ನು ಇಡಿಯಾಗಿ ಹಳೆಯದಕ್ಕೆ ತಿರುಗಿಸಿ ತಾವೇ ಇನ್ನೊಂದು ಆವೃತ್ತಿ ಬಿಟ್ಟುಬಿಟ್ಟರು. ಅದೇ ಫೈಲಿನಲ್ಲಿ ಅವಳು ಹೊಸದಾಗಿ ಸೇರಿಸಿದ್ದ ಇನ್ನೆಷ್ಟೋ ಇತ್ತು. ಅದೂ ಕೊಚ್ಚಿಕೊಂಡು ಹೋಯಿತು. ಅದನ್ನು ನಂಬಿದ್ದವರ ಕೆಲಸವೆಲ್ಲ ನಿಂತಿತು. ಬೈಗುಳ ಬಿದ್ದದ್ದು ಮಾತ್ರ ಅವಳಿಗೆ. ಮದುವೆ ಮನೆಯ ಮೂಲೆಯಲ್ಲಿ ಕೂತು ಅವಳೇ ಎಲ್ಲ ಸರಿಮಾಡಬೇಕಾಯಿತು.

ಆಮೇಲೆ ಅವಳ ಸಂದೇಶ ಬಂತು. "ಸರ್, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಹೀಗೆ ನನ್ನ ಕೈಲಾಗಲ್ಲ. ನೀವೇ ನೋಡ್ಕೊಳ್ಳಿ, ಇಲ್ಲಾ ನನಗೆ ಬಿಟ್ಟುಬಿಡಿ. ನಾಳೆ ಹೇಳಿ."

ಬ್ರಾಕೆಟ್ಟಪ್ಪನವರು ನಿಂತಲ್ಲಿ ನಿಲ್ಲಲಾರದೆ ನಡುಮನೆಯಿಂದ ಅಡುಗೆಮನೆಗೂ ಅಡುಗೆಮನೆಯಿಂದ ನಡುಮನೆಗೂ ತಿರುಗಿದರು. ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದ ಹೆಂಡತಿಗೆ ರೇಗಿಹೋಯಿತು.

"ಒಂದು ಕಡೆ ಕೂತ್ಕೊಳ್ರೀ, ತಲೆ ತಿರುಗತ್ತೆ. ಡ್ಯೂಟಿ ಒಪ್ಪಿಸಿದ ಮೇಲೆ ನಾನು ವಾರ್ಡಲ್ಲೇ ಸುತ್ತಾಡ್ತೀನಾ? ಮನೆಗೆ ಬರಲ್ವಾ?"

"ಒಳಗೆ ಮಲಗಿರೋದು ನಿನ್ನ ಮಗು ಆದ್ರೆ ಬರ್ತಿದ್ಯಾ?"

"ನನ್ನ ಮಗು ಆದ್ರೆ ನನಗೆ ಡ್ಯೂಟೀನೇ ಹಾಕಲ್ಲ. ಕೈ ನಡುಗತ್ತೆ ಅಂತ."

ಇವರಿಗೆ ಸಿಟ್ಟು ಬಂತು, ಅವಮಾನವೂ ಆಯಿತು. ಆ ಹುಡುಗಿಯ ಸಹವಾಸವೇ ಬೇಡ, ತಾನೇ ನೋಡಿಕೊಳ್ಳುತ್ತೇನೆ ಎಂದು ಬರೆಯಲು ಕೂತರೆ ಬೆರಳು ಮತ್ತೆ ಜೋಮು ಹಿಡಿಯಿತು. ಕೈ ಕೊಡವಿಕೊಂಡು, ಬರೆದಷ್ಟನ್ನು ಅಳಿಸಿದರು. ಕೊನೆಗೆ ಅಧಿಕಾರ ಇದ್ದವರ ಪುಟ ತೆರೆದು ತಮ್ಮ ಹೆಸರಿನ ಪಕ್ಕದ "ತೆಗೆದುಹಾಕಿ" ಒತ್ತಿದರು. ಖಚಿತವೇ ಅಂತ ಕೇಳಿತು, ಹಾಳಾದ್ದು. ಹೌದು ಅಂದರು. ಅವಳಿಗೆ "ಬಿಟ್ಟಿದ್ದೀನಮ್ಮ, ತಪ್ಪಾಯ್ತು" ಅಂತ ಬರೆದರು.

ಕೆಲವು ವಾರ ಕಳೆಯಿತು ಅನ್ನುವಾಗ ಹಳೆಯ ಬಳಕೆದಾರನೊಬ್ಬ ಇವರಿಗೇ ನೇರವಾಗಿ ಬರೆದ. ಪಟ್ಟಿಯೊಳಗಿನ ಒಂದೊಂದಕ್ಕೆ ಹೇಳಿದ "ಖಾಲಿ ಇರಬಹುದು" ಅನ್ನುವುದನ್ನು ಲೈಬ್ರರಿ ಇಡೀ ಪಟ್ಟಿಗೇ ಹಚ್ಚುತ್ತಿದೆ, ನೀವೇ ಸರಿಮಾಡಿಕೊಡಿ, ನಿಮ್ಮಷ್ಟು ಅವಳಿಗೆಲ್ಲಿ ಗೊತ್ತು. ಆ ಕೊನೆಯ ಮಾತು ಓದಿ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಬೇಕು. ತಪ್ಪೂ ನಿಜವೇ. ಎಲ್ಲಿದೆ ಅಂತ ತಕ್ಷಣ ಗೊತ್ತಾಯಿತು. ಎರಡು ಸಾಲಿನ ಕೆಲಸ. ಸರಿಮಾಡಲು ಕೈ ತುರಿಸತೊಡಗಿತು.

"ಈಗ ನೋಡಿಕೊಳ್ಳೋರು ಅವರು. ಅವರಿಗೇ ಬರೀರಿ," ಅಂತ ಉತ್ತರಿಸಿದರು. ಉತ್ತರಿಸಿದ್ದೇನೋ ಸರಿ, ಆ ದಿನವಿಡೀ ಜೀವದಲ್ಲಿ ಜೀವವಿರಲಿಲ್ಲ. ತರಕಾರಿ ತರಲು ಹೋಗಿ ಸೋಪು ತಂದರು. ಅವಳಿಗೆ ಗೊತ್ತಾಗದಿದ್ದರೆ? ಇನ್ನೊಂದು ಕಡೆ ಕೆಡಿಸಿಬಿಟ್ಟರೆ? ಸುಳಿವಾದರೂ ಕೊಡೋಣವೇ? ಮೂಗು ತೂರಿಸಬಾರದು ಅಂತ ಫೋನನ್ನು ಅಕ್ಕಿ ಡಬ್ಬಿಯ ಹಿಂದಿಟ್ಟರು, ಮತ್ತೆ ತೆಗೆದರು.

ಸಂಜೆ ನೋಡಿದರೆ ಸರಿಮಾಡಿದ್ದಳು. ಎರಡಕ್ಕೆ ಬದಲು ಒಂದು ರಾಶಿ ಸಾಲು. ದುಂದು ಅನ್ನಿಸಿತು. ಕೂತು ಒಂದೊಂದೇ ಸಾಲು ಓದಿದರು. ತಮ್ಮ ಎರಡು ಸಾಲಿಗೆ ಸಿಗದೆ ಜಾರಿಹೋಗುತ್ತಿದ್ದ ಇನ್ನೊಂದು ತಪ್ಪನ್ನೂ ಅವಳು ಹಿಡಿದಿದ್ದಳು. "ಭೇಷ್ ಕಣಮ್ಮ" ಅಂತ ಟೈಪಿಸಿದರು. ಭೇಷ್ ಅನ್ನಲು ಈಗ ತಾವು ಯಾರು? ಅಳಿಸಿದರು. ತಡೆಯಲಾರದೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

ಒಳಗಿನಿಂದ ಹೆಂಡತಿ ಓಡಿಬಂದರು. "ಅಯ್ಯೋ, ಏನಾಯ್ತ್ರೀ? ಅದೇನಾದ್ರೂ ಕೆಟ್ಟುಹೋಯ್ತಾ?"

"ಇಲ್ಲ ಕಣೇ," ಅಂದರು ಬ್ರಾಕೆಟ್ಟಪ್ಪನವರು, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಚೆನ್ನಾಗಿ ನಡೀತಿದೆ."