ಹಸಿರು ದಾರದ ವಚನ

ಮದ್ರಾಸಿನ ಪಲ್ಲಾವರಂ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದ ರತ್ನಾವತಿಯ ಮನೆಗೆ ಹೋದವರು ಬರಿಗೈಯಲ್ಲಿ ಬಂದದ್ದಿಲ್ಲ. ಕಾಫಿ ಸಿಗದಿದ್ದರೂ ಬೈಬಲ್ಲಿನ ಒಂದು ವಚನವಂತೂ ಸಿಗುತ್ತಿತ್ತು. ತಲೆನೋವೆಂದರೆ ಒಂದು, ಅತ್ತೆಯ ಕಾಟವೆಂದರೆ ಇನ್ನೊಂದು, ಮಗ ಪರೀಕ್ಷೆಯಲ್ಲಿ ನಪಾಸಾದನೆಂದರೆ ಮತ್ತೊಂದು. ಸತ್ಯವೇದದಲ್ಲಿ ಎಲ್ಲಿ ಏನಿದೆ ಎಂಬುದು ಅವಳಿಗೆ ತನ್ನ ಅಡುಗೆಮನೆಯ ಡಬ್ಬಿಗಳಷ್ಟೇ ಚೆನ್ನಾಗಿ ಗೊತ್ತಿತ್ತು. ಶುಕ್ರವಾರದ ಸಂತೆಯಲ್ಲಿ ಒಣಮೀನು ಮಾರುವ ಹೆಂಗಸಿಗೂ ತನ್ನ ಹರಕು ಮುರುಕು ತಮಿಳಿನಲ್ಲಿ ಧೈರ್ಯ ಹೇಳಿಯೇ ಅವಳು ಚೌಕಾಸಿಗೆ ಇಳಿಯುತ್ತಿದ್ದಳು. ಗಂಡ ಕಮಲಾಕರ ಗಿಂಡಿ ಎಂಬಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವನದು ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದುದರಿಂದ ಅವನಿಗೆ ಅದರ ಅಗತ್ಯವೂ ಬೀಳುತ್ತಿರಲಿಲ್ಲ.

ರತ್ನಾವತಿ ಮಂಗಳೂರಿನವಳು, ಮಿಶನ್ನಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರ ಮಗಳು. ಅವಳಂತೆ ಕರಾವಳಿಯಿಂದ ಹೊಟ್ಟೆಪಾಡಿಗೆಂದು ಮದ್ರಾಸಿಗೆ ಬಂದ ಕೆಲವು ಕ್ರೈಸ್ತ ಕುಟುಂಬಗಳು ಭಾನುವಾರ ಮಧ್ಯಾಹ್ನ, ತಮಿಳು ಕ್ರೈಸ್ತರ ಆರಾಧನೆ ಮುಗಿದ ಮೇಲೆ, ಅವರ ದೇವಾಲಯವನ್ನೇ ಕೇಳಿ ಪಡೆದು ಕನ್ನಡದಲ್ಲಿ ಹಾಡಿ ಪ್ರಾರ್ಥಿಸುತ್ತಿದ್ದವು. ಪಾದ್ರಿಗಳು ಯಾವಾಗಲೋ ಒಮ್ಮೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಸಭೆ ನಡೆಸುತ್ತಿದ್ದವರು ನಿವೃತ್ತ ಶಾಲಾಮಾಸ್ತರ ಮೋನಪ್ಪನವರು. ಹೊಸವರ್ಷದ ದಿನ ಮಾತ್ರ ದೇವಾಲಯ ಬಿಡುವಾಗುತ್ತಿರಲಿಲ್ಲ. ಆವತ್ತು ಎಲ್ಲರೂ ಚಾಪೆ ಹಿಡಿದುಕೊಂಡು ರತ್ನಾವತಿಯ ಅಂಗಳಕ್ಕೆ ಬರುತ್ತಿದ್ದರು.

ಅಂದಿನ ಪ್ರಾರ್ಥನೆಯ ಕೊನೆಯಲ್ಲಿ ವಾಗ್ದಾನದ ಸುರುಳಿ ಎತ್ತುವುದೊಂದು ರೂಢಿ. ಸಣ್ಣ ಸಣ್ಣ ಚೀಟಿಗಳಲ್ಲಿ ಒಂದೊಂದು ವಚನ ಬರೆದು, ಸುರುಳಿ ಸುತ್ತಿ, ದಾರ ಕಟ್ಟಿ, ಹಿತ್ತಾಳೆ ತಟ್ಟೆಯಲ್ಲಿ ತುಂಬಿಡುತ್ತಿದ್ದರು. ಮನೆಗೊಬ್ಬರು ಬಂದು ಒಂದನ್ನು ಎತ್ತಬೇಕು. ಕೈಗೆ ಬಂದದ್ದೇ ಆ ವರ್ಷಕ್ಕೆ ದೇವರು ಆ ಮನೆಗೆ ಕೊಟ್ಟ ಮಾತು. ಬರೆಯುವುದು, ಸುತ್ತುವುದು, ತಟ್ಟೆ ಹಿಡಿಯುವುದು ಎಲ್ಲ ರತ್ನಾವತಿಯ ಕೆಲಸ. ಕಟ್ಟಲು ದರ್ಜಿಯಂಗಡಿಯಿಂದ ಬಣ್ಣಬಣ್ಣದ ತುಂಡು ದಾರಗಳನ್ನು ಕೇಳಿ ತರುತ್ತಿದ್ದಳು. ವಚನಗಳನ್ನು ಆರಿಸುವುದರಲ್ಲೂ ಅವಳ ಕೈ ಸಿಹಿಯ ಕಡೆಗೇ ಹೋಗುತ್ತಿತ್ತು. ಗದರಿಸುವ, ಎಚ್ಚರಿಸುವ ಮಾತು ಒಂದೂ ಆ ತಟ್ಟೆಗೆ ಬಿದ್ದದ್ದಿಲ್ಲ.

"ರತ್ನಾ, ನಿನ್ನ ದೇವರಿಗೆ ಬೈಲಿಕ್ಕೆ ಬರುದೇ ಇಲ್ವಾ?" ಎಂದು ಮೋನಪ್ಪ ಮಾಸ್ತರರು ಒಮ್ಮೆ ಕೇಳಿದ್ದರು.

"ಬೈಲಿಕ್ಕೆ ಕಾರ್ಖಾನೆಯಲ್ಲಿ ಮೇಸ್ತ್ರಿ ಇದ್ದಾನಲ್ಲ ಮಾಸ್ಟ್ರೇ. ವರ್ಷಕ್ಕೊಂದು ದಿನವಾದ್ರೂ ಜನ ಖುಷಿಯಲ್ಲಿ ಮನೆಗೆ ಹೋಗ್ಲಿ," ಎಂದಿದ್ದಳು ರತ್ನಾವತಿ. ಎಲ್ಲರೂ ನಕ್ಕಿದ್ದರು. ದೇವರು ಏನು ಹೇಳಬಹುದು, ಏನು ಹೇಳಬಾರದು ಎಂದು ತಾನೇ ತೀರ್ಮಾನಿಸಿ ತಟ್ಟೆ ತುಂಬುತ್ತಿದ್ದೇನೆ ಎಂದು ಆಗ ಅವಳಿಗೆ ಹೊಳೆದಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತರ ಡಿಸೆಂಬರಿನಲ್ಲಿ ಬೇಬಿ ಅವಳ ಅಡುಗೆಮನೆಯಲ್ಲಿ ಕೂತು ಅತ್ತಳು. ಬೇಬಿ ಸಭೆಯಲ್ಲೇ ಎಲ್ಲರಿಗಿಂತ ಚಿಕ್ಕ ಸೊಸೆ, ಮದುವೆಯಾಗಿ ಬಂದು ಇನ್ನೂ ಊರಿಗೆ ಹೊಂದಿಕೊಂಡಿರಲಿಲ್ಲ. ಅವಳ ಗಂಡ ಭೋಜರಾಜ ಕಮಲಾಕರನ ಕಾರ್ಖಾನೆಯಲ್ಲೇ ಲೇತ್ ಮೆಷಿನ್ ನಡೆಸುತ್ತಿದ್ದ. ತಿಂಗಳುಗಟ್ಟಲೆ ಬಿಡದ ಕೆಮ್ಮು. ಎಕ್ಸ್‌ರೇ ತೆಗೆಸಿದಾಗ ಕ್ಷಯವೆಂದು ಗೊತ್ತಾಯಿತು. ಹೊಸವರ್ಷ ಕಳೆದ ಮೇಲೆ ಸ್ಯಾನಟೋರಿಯಂನಲ್ಲಿ ಹಾಸಿಗೆ ಖಾಲಿಯಾಗುತ್ತದೆ, ತಪ್ಪದೆ ಬಂದು ಸೇರಬೇಕು ಎಂದಿದ್ದರು ಡಾಕ್ಟರು. ಹುಡುಗಿ ಅಳುತ್ತಲೇ ಇದ್ದಳು. ರತ್ನಾವತಿ ಹೇಳಿದ ವಚನಗಳೊಂದೂ ಅವಳಿಗೆ ನಾಟಲಿಲ್ಲ. ಹಾಗೆ ಆದದ್ದು ರತ್ನಾವತಿಗೆ ಅದೇ ಮೊದಲು, ಅದನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

ಹಾಗಾಗಿ ಆ ವರ್ಷ ಸುರುಳಿ ಸುತ್ತುವಾಗ, ದೇವರು ರೋಗವನ್ನೆಲ್ಲ ವಾಸಿಮಾಡಿ ಆಯುಸ್ಸನ್ನು ಹೆಚ್ಚಿಸುವನು ಎಂಬ ವಚನಕ್ಕೆ ಮಾತ್ರ ಹಸಿರು ದಾರ ಕಟ್ಟಿದಳು. ಬೇರೆ ಯಾವುದಕ್ಕೂ ಹಸಿರು ಹಾಕಲಿಲ್ಲ. ಬೇಬಿಯ ಸ್ವಭಾವ ಅವಳಿಗೆ ಗೊತ್ತು. ನಾಚಿಕೆಯ ಹುಡುಗಿ, ತಿಂಡಿಯ ತಟ್ಟೆ ಚಾಚಿದರೂ ಕೈಗೆ ಹತ್ತಿರವಿದ್ದದ್ದನ್ನೇ ತೆಗೆದುಕೊಳ್ಳುವವಳು. ಹೊಸವರ್ಷದ ದಿನ ಬೇಬಿಯ ಸರದಿ ಬಂದಾಗ ರತ್ನಾವತಿ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದಳು. ಹಸಿರು ದಾರ ಬೇಬಿಯ ಬೆರಳಿನ ತುದಿಗೆ ಬಂತು. ಅವಳು ಅದನ್ನೇ ಎತ್ತಿದಳು.

ಓದಿದ ಬೇಬಿಯ ಮುಖ ನೋಡಬೇಕಿತ್ತು. ಭೋಜರಾಜ ಚೀಟಿಯನ್ನು ಕಣ್ಣಿಗೊತ್ತಿಕೊಂಡ. ರತ್ನಾವತಿಗೆ ತಾನು ಮಾಡಿದ್ದು ಪುಣ್ಯದ ಕೆಲಸವೆಂದೇ ಅನಿಸಿತು. ತಟ್ಟೆ ಹಿಡಿದವರಿಗೆ ಕೊನೆಯಲ್ಲಿ ಉಳಿದದ್ದೇ ಗತಿ. ಅವಳ ಪಾಲಿಗೆ ಉಳಿದದ್ದು ಎಲ್ಲರ ಮನೆಯ ಗೋಡೆಯ ಮೇಲೂ ಇರುವ ಮಾತು. ಅಂಜಬೇಡ, ನಿನ್ನ ಜೊತೆ ನಾನಿದ್ದೇನೆ ಎಂದು ದೇವರು ಹೇಳುವಂಥದ್ದು. ಅದನ್ನು ಕನ್ನಡಿಯ ಸಂದಿಗೆ ಸಿಕ್ಕಿಸಿ ಪಾತ್ರೆ ತೊಳೆಯಲು ಹೋದಳು.

ಫೆಬ್ರವರಿಯ ಒಂದು ಶುಕ್ರವಾರ ಸಂತೆಯಲ್ಲಿ ಬೇಬಿ ಸಿಕ್ಕಳು. ತಲೆಯಲ್ಲಿ ಕನಕಾಂಬರ, ಮುಖದಲ್ಲಿ ಗೆಲುವು.

"ಇವರು ಸ್ಯಾನಟೋರಿಯಂಗೆ ಹೋಗುದಿಲ್ಲ ಅಂತ ಹೇಳಿ ಬಂದ್ರು ರತ್ನಕ್ಕ," ಎಂದಳು. "ದೇವರೇ ಮಾತು ಕೊಟ್ಟ ಮೇಲೆ ಆಸ್ಪತ್ರೆಗೆ ಹೋಗಿ ಮಲಗುದು ಅಂದ್ರೆ ಅನುಮಾನಪಟ್ಟ ಹಾಗೆ ಅಲ್ವಾ?"

ರತ್ನಾವತಿಯ ಕೈಯಲ್ಲಿದ್ದ ಬದನೆಕಾಯಿ ಅಲ್ಲೇ ನಿಂತಿತು. "ಡಾಕ್ಟರಿಗೆ ತೋರಿಸ್ಲಿಕ್ಕೆ ಎಂತ ತೊಂದರೆ ಮಾರಾಯ್ತಿ? ದೇವರು ಡಾಕ್ಟರ ಕೈಯಿಂದಲೂ ಗುಣ ಮಾಡ್ತಾನೆ," ಎಂದಳು.

"ಅನುಮಾನ ಇಟ್ಟುಕೊಂಡು ಬೇಡಿದವನಿಗೆ ಎಂತದೂ ಸಿಕ್ಕುದಿಲ್ಲ ಅಂತ ನೀವೇ ಹೇಳಿಕೊಟ್ಟದ್ದಲ್ವಾ?" ಎಂದು ಬೇಬಿ ನಕ್ಕಳು.

ಹೌದು, ಹೇಳಿಕೊಟ್ಟದ್ದು ಅವಳೇ. ಭೋಜರಾಜನಿಗೂ ಒಂದು ನೆಪ ಬೇಕಿತ್ತು. ಸ್ಯಾನಟೋರಿಯಂ ಸೇರಿದರೆ ರೋಗ ಯಾವುದೆಂದು ಕಾರ್ಖಾನೆಗೆ ತಿಳಿಯುತ್ತದೆ, ವಠಾರದವರು ನಲ್ಲಿಯ ಹತ್ತಿರವೂ ಬಿಡುವುದಿಲ್ಲ. ಹೆದರಿದ್ದ ಮನುಷ್ಯನ ಕೈಗೆ ರತ್ನಾವತಿ ದೇವರ ಹೆಸರಿನಲ್ಲಿ ಆ ನೆಪವನ್ನು ದಾರ ಕಟ್ಟಿ ಕೊಟ್ಟಿದ್ದಳು. ನಿಜ ಹೇಳಲು ಬಾಯಿ ತೆರೆದಳು. ತೆರೆದ ಬಾಯಿಂದ ಬದನೆಕಾಯಿಯ ವಿಚಾರ ಬಂತು. ಹೇಳಿದರೆ ಆ ಹುಡುಗಿಯ ನಂಬಿಕೆಯೇ ಕುಸಿದೀತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕುಸಿಯುವುದು ತನ್ನ ಹೆಸರು ಎಂಬುದನ್ನು ಮನೆ ಮುಟ್ಟಿ, ಸೆರಗಿನಿಂದ ಮುಖ ಒರೆಸಿಕೊಳ್ಳುವಾಗ ಒಪ್ಪಿಕೊಂಡಳು. ಒಪ್ಪಿಕೊಂಡದ್ದು ತನ್ನೊಳಗೇ, ಬೇರೆ ಯಾರೂ ಕೇಳಿಸಿಕೊಳ್ಳದ ಹಾಗೆ.

ಆಮೇಲೆ ಅವಳ ವಚನಗಳು ಬತ್ತಿದವು. ಮನೆಗೆ ಬಂದವರಿಗೆ ಕಾಫಿ ಮಾತ್ರ ಸಿಗತೊಡಗಿತು. ಕನ್ನಡಿಯ ಮುಂದೆ ಬೊಟ್ಟಿಲ್ಲದ ಹಣೆಯಿಂದ ಕೂದಲು ಹಿಂದಕ್ಕೆ ಬಾಚಿಕೊಳ್ಳುವಾಗಲೆಲ್ಲ ಆ ಚೀಟಿ ಕಣ್ಣಿಗೆ ಬೀಳುತ್ತಿತ್ತು. ನಿನ್ನ ಜೊತೆ ನಾನಿದ್ದೇನೆ. ಜೊತೆಗಿದ್ದರೆ ತಟ್ಟೆ ತಿರುಗಿಸಿದ್ದನ್ನೂ ನೋಡಿರಬೇಕಲ್ಲ! ಎಷ್ಟೋ ಜನರಿಗೆ ಧೈರ್ಯಕ್ಕೆಂದು ಹಂಚಿದ ಮಾತು ತನ್ನನ್ನೇ ಹೀಗೆ ಹಿಡಿದು ನಿಲ್ಲಿಸುತ್ತದೆಂದು ಅವಳು ಎಣಿಸಿರಲಿಲ್ಲ. ಚೀಟಿ ಕಿತ್ತುಹಾಕೋಣವೆಂದು ಕೈ ಎತ್ತಿ, ಭಯವಾಗಿ ಬಿಟ್ಟಳು.

ಈಸ್ಟರಿನ ದಿನ ಭೋಜರಾಜ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ. ಅಂಗಿ ಹೆಗಲಿನಿಂದ ಜೋತಾಡುತ್ತಿತ್ತು. ದೇವರು ತನಗೆ ಕೊಟ್ಟ ವಾಗ್ದಾನದ ಬಗ್ಗೆ ಹೇಳುತ್ತ ನಡುವೆ ಕೆಮ್ಮಿದ, ನಿಂತ, ಮತ್ತೆ ಹೇಳಿದ. ಎಲ್ಲರೂ ಆಮೆನ್ ಎಂದರು. ರತ್ನಾವತಿಯೂ ಎಂದಳು. ಆ ಆಮೆನ್ ಅವಳ ಬಾಯಲ್ಲಿ ಸಂಜೆಯವರೆಗೂ ಕಹಿಯಾಗಿ ಉಳಿಯಿತು. ಅನ್ನದ ಮುಂದೆ ಸುಮ್ಮನೆ ಕೂತವಳನ್ನು ಕಮಲಾಕರ ನೋಡಿದ.

"ಅವ ಉಳಿಯುದು ಕಷ್ಟ," ಎಂದ ಅವನು. "ಮೆಷಿನ್ ಹತ್ರ ನಿಲ್ಲಿಕ್ಕೆ ಆಗುದಿಲ್ಲ ಅವನಿಗೆ. ಬಟ್ಟೆ ಬಾಯಿಗೆ ಹಿಡಿದ್ರೆ ಕೆಂಪು ಕಾಣ್ತದೆ. ಯಾರಾದ್ರೂ ಹೇಳ್ಬೇಕು ಅವನಿಗೆ."

ಗಂಡ ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದು ಅಪರೂಪ. ಮರುದಿನ ಬೆಳಿಗ್ಗೆ ಅವನು ಹೋದ ಮೇಲೆ ಅವಳು ಕನ್ನಡಿಯ ಮುಂದೆ ನಿಂತಳು. ಚೀಟಿ ಅದನ್ನೇ ಹೇಳುತ್ತಿತ್ತು. ಆದರೆ ಆವತ್ತು ಅವಳ ಕಣ್ಣು ಹೋದದ್ದು ಅದರ ಮೊದಲಿನ ಮಾತಿಗೆ. ಅಂಜಬೇಡ. ತನ್ನ ಕೈಬರಹವೇ, ತಾನೇ ಸುತ್ತಿದ್ದೇ, ಆದರೆ ಆ ತಟ್ಟೆಯಲ್ಲಿ ತನ್ನ ಕೈವಾಡವಿಲ್ಲದೆ ತನಗೆ ಸಿಕ್ಕಿದ್ದು ಅದೊಂದೇ. ಬೇಡವೆಂದರೂ ಜೊತೆಗೇ ಬರುವವನು ಭೋಜರಾಜನ ವಠಾರವಿದ್ದ ಗಿಂಡಿಯ ತನಕವೂ ಬರಲಿ ಎಂದುಕೊಂಡು, ಚಪ್ಪಲಿ ಮೆಟ್ಟಿ ರೈಲು ಹತ್ತಿದಳು.

ಭೋಜರಾಜ ಕೆಲಸಕ್ಕೆ ಹೋಗಿರಲಿಲ್ಲ. ವಠಾರದ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದ. ಬೇಬಿ ಅಕ್ಕಿ ಆರಿಸುತ್ತಿದ್ದಳು. ಅವಳು ಕೊಟ್ಟ ಸ್ಟೂಲಿನ ಮೇಲೆ ರತ್ನಾವತಿ ಕೂರಲಿಲ್ಲ.

"ಭೋಜಾ, ಹೊಸವರ್ಷಕ್ಕೆ ಬೇಬಿ ಎತ್ತಿದ ಸುರುಳಿ ಉಂಟಲ್ಲ, ಅದು ಅವಳಾಗಿ ಎತ್ತಿದ್ದಲ್ಲ. ಹಸಿರು ದಾರ ಗುರುತಿಗೆ ಕಟ್ಟಿದ್ದು ನಾನು. ಅವಳ ಕೈಗೆ ಸಿಕ್ಕುವ ಹಾಗೆ ತಟ್ಟೆ ತಿರುಗಿಸಿದ್ದೂ ನಾನೇ. ಅವಳು ಅಳುದನ್ನು ನೋಡ್ಲಿಕ್ಕೆ ಆಗ್ಲಿಲ್ಲ ನನಗೆ."

ಮೊರದಲ್ಲಿ ಬೇಬಿಯ ಕೈ ನಿಂತಿತು.

"ಹಾಗಾದ್ರೆ ದೇವರು ನನಗೆ ಎಂತ ಹೇಳಿದ್ದು?" ಎಂದು ಕೇಳಿದ ಭೋಜರಾಜ.

"ನನಗೆ ಗೊತ್ತಿಲ್ಲ. ಡಾಕ್ಟರು ಎಂತ ಹೇಳಿದ್ರು ಅಂತ ಗೊತ್ತುಂಟು."

ಬೇಬಿ ಅಳಲಿಲ್ಲ. "ನಿಮ್ಮನ್ನು ನಂಬಿ ನಾನು ಅಳುದು ಬಿಟ್ಟಿದ್ದೆ ರತ್ನಕ್ಕ," ಎಂದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ಬರುವ ಭಾನುವಾರ ಸಭೆಯಲ್ಲಿ ಎಲ್ಲರ ಎದುರು ಹೇಳ್ತೇನೆ," ಎಂದಳು ರತ್ನಾವತಿ.

"ಬೇಡ," ಎಂದ ಭೋಜರಾಜ. "ನಾನು ಎದ್ದು ನಿಂತು ಸಾಕ್ಷಿ ಹೇಳಿ ಆಗಿದೆ. ಇನ್ನು ನೀವು ಇದನ್ನು ಹೇಳಿದ್ರೆ ನಾನು ಹುಚ್ಚ ಅಂತ ಆಗ್ತದೆ. ನಿಮ್ಮ ಮನಸ್ಸು ಹಗುರ ಆಗ್ಲಿಕ್ಕೆ ನನ್ನ ಮರ್ಯಾದೆ ತೆಗಿಬೇಡಿ."

ಅದೇ ವಾರ ಅವನು ಸ್ಯಾನಟೋರಿಯಂ ಸೇರಿದ. ಫೆಬ್ರವರಿಯಲ್ಲೇ ಬಂದಿದ್ದರೆ ಚುಚ್ಚುಮದ್ದಿನಲ್ಲೇ ಮುಗಿಯುತ್ತಿತ್ತೇನೋ ಎಂದರಂತೆ ಅಲ್ಲಿಯ ಡಾಕ್ಟರು. ಈಗ ಪಕ್ಕೆಲುಬು ತೆಗೆದು ಆಪರೇಷನ್ ಮಾಡಬೇಕಾಯಿತು. ಜೀವ ಉಳಿಯಿತು, ಬಲಗಡೆಯ ಹೆಗಲು ಕುಸಿಯಿತು. ಲೇತಿನ ಕೆಲಸ ಹೋಗಿ, ಅದೇ ಕಾರ್ಖಾನೆಯ ಗೇಟಿನಲ್ಲಿ ಕೂರುವ ಕೆಲಸ ಸಿಕ್ಕಿತು. ಅಷ್ಟು ಕಾಲವೂ ರತ್ನಾವತಿ ದಿನ ಬಿಟ್ಟು ದಿನ ಗಂಜಿ, ಮೊಟ್ಟೆ, ಮೀನುಸಾರು ಹೊತ್ತುಕೊಂಡು ಸ್ಯಾನಟೋರಿಯಂಗೆ ಹೋದಳು. ಬಾಯಲ್ಲಿ ಒಂದೂ ವಚನವಿಲ್ಲ. ರತ್ನಾವತಿಯಂಥ ಭಕ್ತೆ ಸಿಕ್ಕುವುದು ಅಪರೂಪ ಎಂದು ಸಭೆ ಹೊಗಳಿತು. ಹೊಗಳಿದಾಗಲೆಲ್ಲ ಅವಳು ಒಳಗೆ ಸಾಯುತ್ತಿದ್ದಳು. ನಿಜ ಹೇಳೋಣವೆಂದರೆ ಭೋಜರಾಜ ಅವಳ ಬಾಯಿ ಕಟ್ಟಿದ್ದ.

ಮುಂದಿನ ವರ್ಷ ಸುರುಳಿಯ ಕೆಲಸ ತನಗೆ ಬೇಡವೆಂದಳು. ಮೋನಪ್ಪ ಮಾಸ್ತರರು ಅದನ್ನು ವಿನಯವೆಂದುಕೊಂಡು ಬಿಡಲಿಲ್ಲ. ಆಗ ಚೀಟಿಗಳಿಗೆಲ್ಲ ಒಂದೇ ಬಿಳಿ ದಾರ ಕಟ್ಟಿದಳು. ಅಕ್ಕಪಕ್ಕದವರ ಭಾರವನ್ನು ಹೊರಬೇಕೆಂಬ, ನಿಜವನ್ನೇ ಆಡಬೇಕೆಂಬ ವಚನಗಳೂ ತಟ್ಟೆಯಲ್ಲಿ ಸೇರಿದವು. ಹಂಚುವಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಳು. ಎಂಥ ಭಕ್ತಿ ನೋಡಿ ಎಂದು ಜನ ಪಿಸುಗುಟ್ಟಿದರು.

ಭೋಜರಾಜ ಮತ್ತೆ ಆ ಅಂಗಳಕ್ಕೆ ಬಂದದ್ದು ಅರವತ್ತಮೂರರ ಹೊಸವರ್ಷಕ್ಕೆ. ಅವನ ಮನೆಯ ಸರದಿ ಬಂದಾಗ ಬೇಬಿ ಏಳಲಿಲ್ಲ, ಅವನೇ ಎದ್ದು ಬಂದ. ಬಲಗೈ ಮೇಲೆ ಏಳದೆ ಎಡಗೈ ಚಾಚಿದ. ರತ್ನಾವತಿಯ ಕಣ್ಣು ಮುಚ್ಚಿತ್ತು, ತಟ್ಟೆ ಒಂದು ಕಡೆಗೆ ವಾಲಿತ್ತು.

"ಕಣ್ಣು ಬಿಡಿ ರತ್ನಕ್ಕ," ಎಂದ ಅವನು, ಅವಳಿಗೆ ಮಾತ್ರ ಕೇಳುವ ಹಾಗೆ. "ತಟ್ಟೆ ಬೀಳ್ತದೆ."

ಅವಳು ಕಣ್ಣು ಬಿಟ್ಟಳು. ಮೊದಲು ಕಂಡದ್ದು ಅವನ ಕುಸಿದ ಹೆಗಲು. ಭೋಜರಾಜ ತಟ್ಟೆಯ ನಡುವಿನಿಂದ ಒಂದು ಸುರುಳಿ ಎತ್ತಿ, ಬಿಚ್ಚದೆ ಅಂಗಿಯ ಜೇಬಿಗೆ ಹಾಕಿಕೊಂಡ.

"ಓದುದಿಲ್ವಾ?" ಎಂದಳು ರತ್ನಾವತಿ.

"ನಾಳೆ ಡಾಕ್ಟರ ಹತ್ರ ಹೋಗ್ಲಿಕ್ಕುಂಟು," ಎಂದ ಭೋಜರಾಜ. "ಹೋಗಿ ಬಂದು ಓದ್ತೇನೆ."

ಅವನು ಹೋಗಿ ಬೇಬಿಯ ಪಕ್ಕದಲ್ಲಿ ಕೂತ. ರತ್ನಾವತಿ ಕಣ್ಣು ತೆರೆದುಕೊಂಡೇ ತಟ್ಟೆಯನ್ನು ಮುಂದಿನ ಮನೆಯವರಿಗೆ ಚಾಚಿದಳು.