ಹೊಗಳಿದರೆ ಹೆದರುವ ಸುಂಕಪ್ಪ

ಇಟ್ಟಿಗಿ ಪಕ್ಕದ ನಮ್ಮ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದ ಸುಂಕಪ್ಪ ಬೈಗುಳಕ್ಕೆ ಅಂಜಿದವನಲ್ಲ, ಹೊಗಳಿದರೆ ಮಾತ್ರ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಹಿಂದೊಮ್ಮೆ ಅವನ ಕಂಬಳಿ ಚೆಂದವೆಂದ ಸಾಹೇಬರೊಬ್ಬರು ಕಂಬಳಿಯನ್ನೇ ಹೊದ್ದು ಜೀಪು ಹತ್ತಿದ್ದರು. ಹೀಗಾಗಿ ನಾಗೇಂದ್ರಪ್ಪ ಮಾಸ್ತರರು ಸಂಜೆ ಮನೆಮನೆಗೆ ಶಾಲೆಯ ಸುದ್ದಿ ಹೇಳುತ್ತ ಅವನ ಓಣಿಗೆ ತಿರುಗಿದರೆ ಸಾಕು, ಕೊಬ್ಬಿದ ಟಗರನ್ನು ಹಿತ್ತಲಿಗೆ ಅಟ್ಟುತ್ತಿದ್ದ. ಮಕ್ಕಳಿಗೆ ಅಮೆರಿಕದ ಗೋಧಿಯ ಉಪ್ಪಿಟ್ಟು ಬಂದಿದೆ ಎಂದರೆ "ಬಿಟ್ಟಿ ಯಾಕ ಕೊಡ್ತಾರ್ರಿ?" ಎನ್ನುವನು. ಪುಸ್ತಕ ಬಂದಿದೆ ಎಂದರೆ "ಆಮ್ಯಾಲೆ ಏನು ಕೇಳ್ತಾರ?" ಎನ್ನುವನು. "ನಿನ್ನ ಮಗಳು ಮಾಳಮ್ಮ ಭಾಳ ಶಾಣ್ಯಾಕಿ" ಎಂದು ಆಕೆಯ ಜಾಣತನ ಹೊಗಳಿದರಂತೂ ಹಿತ್ತಲಿಗೆ ಓಡಿ, ಟಗರು ಕೂಗದಂತೆ ಅದರ ಬಾಯಿಗೆ ಸೊಪ್ಪು ತುರುಕಿ ಬರುವನು. ಮಾಳಮ್ಮ ನಮ್ಮೂರ ಶಾಲೆಯಲ್ಲಿದ್ದ ನಾಲ್ಕೂ ತರಗತಿ ಮುಗಿಸಿ ಕುರಿ ಹಿಂದೆ ಹೋಗತೊಡಗಿದ ಎಪ್ಪತ್ತೆಂಟನೇ ಇಸವಿಯಲ್ಲಿ ಮಾಸ್ತರರಿಗೆ ಹರಪನಹಳ್ಳಿ ಕಡೆಗೆ ವರ್ಗವಾಯಿತು. ಅವರು ಹೇಳಿಹೋಗಲು ಬಂದು, ಮಜ್ಜಿಗೆ ಕುಡಿದು ಎದ್ದಾಗ ಸುಂಕಪ್ಪ ಬಸ್ಸಿನವರೆಗೂ ಹಿಂಬಾಲಿಸಿದ. "ಈಗರ ಹೇಳ್ರಿ, ನಿಮಗೇನು ಬೇಕಾಗಿತ್ತು?" ಎಂದು ಕೇಳಿದ. "ಏನೂ ಬ್ಯಾಡಪ. ಹುಡುಗೀನ ಇಟ್ಟಿಗಿ ಸಾಲಿಗೆ ಕಳಸು, ಸಾಕು" ಎಂದು ಮಾಸ್ತರರು ಬಸ್ಸು ಹತ್ತಿದರು. ಸುಂಕಪ್ಪ ಮನೆಯ ದಾರಿ ಹಿಡಿದ. ಏನನ್ನೂ ಕೇಳದೆ ಹೋದವರು ಹೇಳಿದ್ದೆಲ್ಲ ನಿಜವೇ ಇರಬೇಕೆಂಬುದು ಅವನಿಗೆ ನಿಧಾನವಾಗಿ ಹೊಳೆಯಿತು. ಸೋಮವಾರ ಮಗಳನ್ನು ಕರೆದುಕೊಂಡು ಇಟ್ಟಿಗಿಯ ಶಾಲೆಗೆ ಹೋದ. ಯಾವೂರು ಎಂದು ಅಲ್ಲಿನ ಮಾಸ್ತರರು ಕೇಳುವ ಮೊದಲೇ "ನನ್ನ ಮಗಳು ಭಾಳ ಶಾಣ್ಯಾಕಿ ಅದಾಳ್ರಿ" ಎಂದುಬಿಟ್ಟು, ತನ್ನ ಮಾತಿಗೆ ತಾನೇ ಬೆಚ್ಚಿ ಸುತ್ತಲೂ ನೋಡಿದ.